ಉಪ್ಪಾಗೆ ಸಿಪ್ಪೆ, ಫ್ರಿಜ್ಜಿನ ಸೀಸೆ

ನಮ್ಮ ಮನೆಯಲ್ಲಿ ತೆಳ್ಳಗಾಗಲೆಂದು ಯಾರೂ ಏನನ್ನೂ ತಿಂದವರಲ್ಲ. ಆದರೆ ಅಮೆರಿಕದವರು ತೆಳ್ಳಗಾಗಲಿ ಎಂದು ಎರಡು ಮೂರು ಮಳೆಗಾಲ ಹೊಗೆ ಕುಡಿದಿದ್ದೇವೆ.

ತೊಂಬತ್ತರ ದಶಕದ ನಡುವಿನ ಮಾತು. ಸಿದ್ದಾಪುರ ಸೀಮೆಯ ನಮ್ಮೂರಿನಲ್ಲಿ ಉಪ್ಪಾಗೆ ಮರಕ್ಕೆ ಅಲ್ಲಿಯವರೆಗೆ ಅಂಥ ಮರ್ಯಾದೆ ಇರಲಿಲ್ಲ. ಬೀಜದಿಂದ ಆಯಿ ತುಪ್ಪ ತೆಗೆಯುತ್ತಿದ್ದಳು, ಸಿಪ್ಪೆ ಹುಳಿಗೆ ಆಗುತ್ತಿತ್ತು, ಉಳಿದದ್ದು ಬೆಟ್ಟದಲ್ಲೇ ಕೊಳೆಯುತ್ತಿತ್ತು. ಒಂದು ವರ್ಷ ಇದ್ದಕ್ಕಿದ್ದಂತೆ ಒಣ ಸಿಪ್ಪೆಗೆ ರೇಟು ಬಂತು. ಹಣ್ಣಾಗುವುದು ಜಡಿಮಳೆಯ ಕಾಲದಲ್ಲಿ, ಬಿಸಿಲೆಂಬುದು ಇಲ್ಲ. ಕೊಟ್ಟಿಗೆ ಪಕ್ಕ ದೊಡ್ಡ ಒಲೆ ಹೂಡಿ, ಮೇಲೆ ಬಿದಿರ ತಟ್ಟಿ ಕಟ್ಟಿ, ಸಿಪ್ಪೆ ಹರವಿ, ಹಗಲೂ ರಾತ್ರಿ ಬೆಂಕಿ ಹಾಕಬೇಕು. ಹಸಿ ಸೌದೆಯ ಹೊಗೆಗೆ ನಮ್ಮ ಕಣ್ಣು ಕೆಂಪು, ಸಿಪ್ಪೆ ಕರಿ. ಎಷ್ಟು ಮರ ಒಲೆಗೆ ಹೋಯಿತೋ ಲೆಕ್ಕ ಇಟ್ಟವರಿಲ್ಲ. ನಾವು ಕೊಯ್ಯದಿದ್ದರೆ ಇನ್ನೊಬ್ಬರು ಕೊಯ್ಯುತ್ತಾರೆ ಎಂಬ ಭಯಕ್ಕೆ ಜನ ಕಾಯಿಯನ್ನೇ ಉದುರಿಸಿದರು. ಟೊಂಗೆ ಕಡಿದು ಕೆಡವಿದವರೂ ಇದ್ದರು. ಆ ದುಡ್ಡಿನಲ್ಲಿ ಅಕ್ಕನ ಪಿಯುಸಿ ಹಾಸ್ಟೆಲ್ ಖರ್ಚು ನಡೆಯಿತು. ಸಿಪ್ಪೆ ಕೊಳ್ಳುವ ಸಿರಸಿಯ ವ್ಯಾಪಾರಿ, ಇದು ಪರದೇಶಕ್ಕೆ ಹೋಗಿ ಬೊಜ್ಜು ಕರಗಿಸುವ ಗುಳಿಗೆ ಆಗುತ್ತದೆ ಎಂದಾಗ ಅಪ್ಪಯ್ಯ ನಕ್ಕುಬಿಟ್ಟಿದ್ದ. ಕರಗಿಸಬೇಕಾದ ಬೊಜ್ಜು ಎಂಬುದನ್ನು ಅವನು ಬ್ಯಾಂಕ್ ಮ್ಯಾನೇಜರರಲ್ಲಿ ಮಾತ್ರ ಕಂಡಿದ್ದ.

ಆ ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಅದು ಮೈಯಲ್ಲಿ ಕೊಬ್ಬು ತಯಾರಾಗುವುದನ್ನು ತಡೆಯುತ್ತದೆ ಎಂಬ ಲೆಕ್ಕಾಚಾರದ ಮೇಲೆ ಅಮೆರಿಕದ ಗುಳಿಗೆ ವ್ಯಾಪಾರ ಎದ್ದಿತು. 1998ರಲ್ಲಿ ನ್ಯೂಯಾರ್ಕಿನ ವೈದ್ಯರು 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ಮಾಡಿ ನೋಡಿದರು. ಉಪ್ಪಾಗೆ ಸತ್ವ ತಿಂದವರಿಗೂ ಬರೀ ಹುಸಿಗುಳಿಗೆ ತಿಂದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಾನು ಇದನ್ನು ಓದಿದ್ದು ಬಹಳ ತಡವಾಗಿ. ಬೇಸರವೇನೂ ಆಗಲಿಲ್ಲ. ಅಕ್ಕ ಅಷ್ಟರಲ್ಲಿ ಓದು ಮುಗಿಸಿ ನೌಕರಿಯಲ್ಲಿದ್ದಳು.

ನನ್ನ ಮೈ ಬೆಳೆದದ್ದು ಬೆಂಗಳೂರಿನಲ್ಲಿ. ಮೊದಲ ಮಗುವಾದ ಮೇಲೆ, 2008ರಲ್ಲಿ, ಬಡಾವಣೆಯ ಕ್ಲಿನಿಕ್ಕಿಗೆ ಹೋಗಿದ್ದೆ. ತೂಕದ ಯಂತ್ರ ಇದ್ದದ್ದು ಜನ ಕೂರುವ ಬೆಂಚಿನ ಎದುರಿಗೇ. ಕಾಂಪೌಂಡರ್ ಓದಿ ಒಳಗಿದ್ದ ಡಾಕ್ಟರಿಗೆ ಕೂಗಿ ಹೇಳಿದ: "ಎಪ್ಪತ್ತೆಂಟು ಸಾರ್!" ಬೆಂಚಿನ ಮೇಲಿದ್ದವರೆಲ್ಲ ತಲೆ ಎತ್ತಿದರು. ಡಾಕ್ಟರು ಬರೆದದ್ದು ಸಿಬುಟ್ರಮೀನ್ ಎಂಬ ಮಾತ್ರೆ. ಹಸಿವು ಸತ್ತದ್ದು ನಿಜ. ಬಾಯಿ ಒಣಗುತ್ತಿತ್ತು, ರಾತ್ರಿ ಮಲಗಿದರೆ ಎದೆ ಡವಡವ ಎನ್ನುತ್ತಿತ್ತು. ಮೂರು ತಿಂಗಳಿಗೆ ನಾನೇ ಬಿಟ್ಟೆ. ಹೃದ್ರೋಗ ಇದ್ದವರಿಗೆ ಅದರಿಂದ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತದೆ ಎಂದು ಗೊತ್ತಾಗಿ 2010ರಲ್ಲಿ ಅಮೆರಿಕದಲ್ಲಿ ಹಿಂತೆಗೆದುಕೊಂಡರು, 2011ರ ಫೆಬ್ರವರಿಯಲ್ಲಿ ನಮ್ಮಲ್ಲಿ ನಿಷೇಧವಾಯಿತು. ಈ ಕಾರಣಕ್ಕೇ, ಹಿಂದಿನ ಕಾಲದಲ್ಲಿ ಡಾಕ್ಟರು ನಾಡಿ ಹಿಡಿದೇ ಎಲ್ಲ ತಿಳಿಯುತ್ತಿದ್ದರು ಎಂದು ಯಾರಾದರೂ ಶುರುಮಾಡಿದರೆ ನಾನು ಕಾಫಿ ಮಾಡಲು ಎದ್ದು ಹೋಗುತ್ತೇನೆ. ನನ್ನ ನಾಡಿಯನ್ನೂ ಹಿಡಿದಿದ್ದರು.

2025ರ ಜೂನ್‌ನಲ್ಲಿ ಆಫೀಸಿನ ನೆಲಮಾಳಿಗೆಯ ಕಾರಿನಲ್ಲಿ ಕೂತು, ಗಾಜು ಏರಿಸಿಕೊಂಡು, ತೂಕ ಇಳಿಸುವ ಆ್ಯಪ್ ಒಂದರ ಮೂಲಕ ಫೋನಿನ ಪರದೆಯ ಮೇಲೆ ಬಂದ ಡಾಕ್ಟರಿಗೆ ತೂಕ ಹೇಳಿದೆ: 86 ಕೆ.ಜಿ., ಎತ್ತರ 158 ಸೆಂಟಿಮೀಟರ್. ಕೂಗುವವರಿಲ್ಲ, ತಲೆ ಎತ್ತುವವರಿಲ್ಲ. ಯಂತ್ರ ಹತ್ತಿಸಿ ನೋಡುವವರೂ ಇಲ್ಲ. ಹತ್ತು ಕಿಲೋ ಸೇರಿಸಿ ಹೇಳಿದ್ದರೂ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಮೇದೋಜೀರಕ ಗ್ರಂಥಿಯ ಉರಿಯೂತ ಆಗಿತ್ತೇ, ಪಿತ್ತಕೋಶದ ಕಲ್ಲು ಇದೆಯೇ ಎಂದು ಕೇಳಿದರು. ರಕ್ತಪರೀಕ್ಷೆಯ ವರದಿ ತರಿಸಿ ನೋಡಿದರು. ಒಟ್ಟು ಒಂಬತ್ತು ನಿಮಿಷ. 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನ, ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಯಂತ್ರ ತಾನಾಗಿ ಔಷಧ ಬರೆಯುವಂತಿಲ್ಲ, ಚೀಟಿಯ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ಎದುರಿಗೇ ನೋಡಬೇಕು ಅನ್ನಿಸಿದರೆ ಅವರು ಹಾಗೆ ಹೇಳಬೇಕು. ನನ್ನ ವಿಷಯದಲ್ಲಿ ಅವರಿಗೆ ಹಾಗೆ ಅನ್ನಿಸಲಿಲ್ಲ.

ಬರೆದದ್ದು ಟಿರ್ಜೆಪಟೈಡ್, ಮೌಂಜಾರೊ ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಿದ್ದು. ವಾರಕ್ಕೊಂದು ಚುಚ್ಚುಮದ್ದು. ಮೊದಲ ನಾಲ್ಕು ವಾರ 2.5 ಮಿ.ಗ್ರಾಂ., ಆಮೇಲೆ 5. ಬಂದ ಹೊಸತರಲ್ಲಿ ಸೀಸೆಯೊಂದಕ್ಕೆ 3,500 ಮತ್ತು 4,375 ರೂಪಾಯಿ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಚೀಲದ ಜೊತೆ ಬರುತ್ತದೆ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಒಮ್ಮೆ ವಾಚ್‌ಮನ್ ಅದನ್ನು ಮಧ್ಯಾಹ್ನವೆಲ್ಲ ತನ್ನ ಕುರ್ಚಿ ಕೆಳಗೆ ಇಟ್ಟುಕೊಂಡಿದ್ದ. ಒಳಗೆ ಏನಿದೆ ಎಂದು ನಾನು ಹೇಳಿರಲಿಲ್ಲ, ತಪ್ಪು ನನ್ನದೇ. ಗುಟ್ಟಿಗೂ ಖರ್ಚಿದೆ.

ಎರಡನೇ ತಿಂಗಳು ಪ್ರಮಾಣ ಏರಿದ ವಾರ ಏನು ಉಂಡರೂ ವಾಂತಿ. ಆ್ಯಪ್‌ನಲ್ಲಿ ಬರೆದರೆ ತಕ್ಷಣ ಉತ್ತರ ಬಂದದ್ದು ಆರೈಕೆ ಸಿಬ್ಬಂದಿಯಿಂದ: ಸ್ವಲ್ಪ ಸ್ವಲ್ಪ ತಿನ್ನಿ, ಕರಿದದ್ದು ಬೇಡ. ಡಾಕ್ಟರು ಸಿಕ್ಕಿದ್ದು ಎರಡು ದಿನದ ಮೇಲೆ, ಅವರೂ ಬೇರೆ ಡಾಕ್ಟರು. ಮುಂದಿನ ಸೀಸೆಯ ಹಣ ಕಟ್ಟಲು ನೆನಪಿಸುವ ಸಂದೇಶ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಈ ಏರ್ಪಾಟಿನ ಮೇಲೆ ನನ್ನ ತಕರಾರು ಇಷ್ಟೇ. ಕೊಳ್ಳುವಾಗ ಇರುವಷ್ಟು ಜನ ನರಳುವಾಗ ಇರುವುದಿಲ್ಲ.

ಔಷಧದ ಮೇಲೆ ತಕರಾರಿಲ್ಲ. ಏಳು ತಿಂಗಳಲ್ಲಿ 74ಕ್ಕೆ ಇಳಿದೆ. ಒಂದು ಲಕ್ಷದ ಮೇಲೆ ಖರ್ಚಾಯಿತು. ಬಿಟ್ಟವರಲ್ಲಿ ಬಹಳ ಜನಕ್ಕೆ ತೂಕ ವಾಪಸು ಬರುತ್ತದೆ ಎಂಬುದನ್ನು ಡಾಕ್ಟರು ಹೇಳಿದ್ದು ನಾನು ಕೇಳಿದ ಮೇಲೆ. ಎಲ್ಲಿಯವರೆಗೆ ತೆಗೆದುಕೊಳ್ಳಬೇಕು ಎಂದದ್ದಕ್ಕೆ, "ನೋಡೋಣ ಮೇಡಂ" ಅಂದರು.

ಸಂಕ್ರಾಂತಿಗೆ ಆಯಿ ಬಂದಳು. ಊರಿಂದ ತಂದ ಉಪ್ಪಾಗೆ ತುಪ್ಪದ ಡಬ್ಬಿ ಇಡಲು ಫ್ರಿಜ್ ತೆಗೆದವಳಿಗೆ ಬೆಣ್ಣೆ ಗೂಡಿನಲ್ಲಿದ್ದ ಸೀಸೆ ಸಿಕ್ಕಿತು. "ಇದೆಂತದೇ ಕೂಸೇ?"

ಹೇಳಿದೆ. ರೇಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸೀಸೆಯನ್ನೇ ತಿರುಗಿಸಿ ನೋಡಿದಳು. "ದುಡ್ಡು ಕೊಟ್ಟು ಹಶಿವು ಕಳಕಂಬದನೇ?"

ಹೌದು ಅಂದೆ. ವಿಷಯ ಬದಲಿಸಲು ಫೋನ್ ತೆಗೆದರೆ ಅದರಲ್ಲಿ ಬೊಜ್ಜು ಕರಗಿಸುವ ಕ್ಯಾಪ್ಸೂಲಿನ ಜಾಹೀರಾತು ಬಂದು ಕೂತಿತ್ತು, ಗಾರ್ಸಿನಿಯಾ. ನ್ಯೂಯಾರ್ಕಿನ ಆ ಪರೀಕ್ಷೆ ಆಗಿ ಕಾಲು ಶತಮಾನ ದಾಟಿದರೂ ಮಾರುವವರಿಗೆ ಅದು ಇನ್ನೂ ತಲುಪಿಲ್ಲ. ನಮ್ಮ ಉಪ್ಪಾಗೆಯೇ ಇದು ಎಂದು ಆಯಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಚಿತ್ರವನ್ನು ಹತ್ತಿರ ಹಿಡಿದಳು.

"ಇದು ಕಾಯಿ. ಹಣ್ಣಾಗದ್ದೇ ಕೊಯ್ದಿದ್ವು ನೋಡು."