ಬಿಸಿ ಟಯರಿನ ಲೆಕ್ಕ

ನನ್ನ ಉಪ್ಪನಿಗೆ ಒಂದು ಪಿಕಪ್ ಇದೆ. ಹಾಸನದಿಂದ ಆಲೂಗಡ್ಡೆ ತುಂಬಿಸಿ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ತರುವುದು ಅವರ ಕೆಲಸ. ನಮ್ಮ ಮನೆಯ ಅಕ್ಕಿ, ನನ್ನ ಕಾಲೇಜಿನ ಫೀಸು ಎಲ್ಲವೂ ಆ ಗಾಡಿಯ ದುಡಿಮೆ.

ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ ಉಪ್ಪ ನನ್ನ ಕೈಗೆ ಗೇಜ್ ಕೊಟ್ಟು, "ಮೋನೆ, ಇನ್ನು ಗಾಳಿ ನೋಡುವುದು ನಿನ್ನ ಜವಾಬ್ದಾರಿ" ಎಂದರು. ಚಾಲಕನ ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲಿ, ಪೂರ್ತಿ ಲೋಡ್ ಇದ್ದಾಗ ಮುಂದಿನ ಟಯರಿಗೆ 40, ಹಿಂದಿನದಕ್ಕೆ 60 ಪಿಎಸ್‌ಐ ಎಂದಿತ್ತು. ಮೂಟೆಗಳ ಭಾರ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಈ ವ್ಯತ್ಯಾಸ.

ಒಂದು ಮಧ್ಯಾಹ್ನ ಉಪ್ಪ ಟ್ರಿಪ್ ಮುಗಿಸಿ ಬಂದು ಊಟಕ್ಕೆ ಕೂತಿದ್ದರು. ನಾನು ಹೋಗಿ ಗೇಜ್ ಹಿಡಿದೆ. ಹಿಂದಿನ ಎರಡೂ ಟಯರುಗಳಲ್ಲಿ 67 ತೋರಿಸಿತು. ಜಾಸ್ತಿಯಾಗಿದೆ ಎಂದುಕೊಂಡು 60ಕ್ಕೆ ಬರುವವರೆಗೆ ಗಾಳಿ ಬಿಟ್ಟೆ. ಕೆಲಸ ಸರಿಯಾಗಿ ಮಾಡಿದೆನೆಂಬ ಖುಷಿಯಲ್ಲಿ ಯಾರಿಗೂ ಹೇಳಲಿಲ್ಲ. ಮೂರು ವಾರ ಮತ್ತೆ ಗೇಜ್ ಮುಟ್ಟಲೂ ಇಲ್ಲ.

ಒಂದು ದಿನ ಗುಂಡ್ಯದ ಹತ್ತಿರ ಹಿಂದಿನ ಎಡ ಟಯರ್ ಒಡೆಯಿತು. ಯಾವಾಗಲೂ 50 ಕಿಲೋದ 26 ಮೂಟೆ ಹಾಕುತ್ತಿದ್ದ ಗಾಡಿಯಲ್ಲಿ ಅಂದು 30 ಮೂಟೆ ಇತ್ತು. ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು. ಅಲ್‌ಹಮ್ದುಲಿಲ್ಲಾಹ್, ಉಪ್ಪನಿಗೆ ಏನೂ ಆಗಲಿಲ್ಲ.

ಪಂಕ್ಚರ್ ಅಂಗಡಿಯವರು ಟಯರಿನ ಒಳಗಿನಿಂದ ಹಿಡಿ ತುಂಬ ಕಪ್ಪು ರಬ್ಬರ್ ಪುಡಿ ತೆಗೆದು ತೋರಿಸಿದರು. ಗಾಳಿ ಕಡಿಮೆ ಇದ್ದರೆ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ, ಬಿಸಿಯಾಗಿ, ಒಳಗಿಂದಲೇ ಸವೆಯುತ್ತದೆ ಎಂದರು.

ಆ ರಾತ್ರಿ ಭೌತಶಾಸ್ತ್ರದ ಪುಸ್ತಕ ತೆರೆದೆ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ಅದರ ಕೆಲ್ವಿನ್ ತಾಪಮಾನದೊಂದಿಗೆ ಏರುತ್ತದೆ. ಟಯರಿನೊಳಗಿನ ಗಾಳಿ 27 ಡಿಗ್ರಿಯಿಂದ 57 ಡಿಗ್ರಿಗೆ ಬಿಸಿಯಾದರೆ, 300 ಕೆಲ್ವಿನ್‌ನಿಂದ 330 ಕೆಲ್ವಿನ್. ಅಂದರೆ ಹತ್ತನೇ ಒಂದು ಭಾಗ ಹೆಚ್ಚು. ಗೇಜಿನ 60ಕ್ಕೆ ವಾತಾವರಣದ ಒತ್ತಡ ಸುಮಾರು 15 ಕೂಡಿಸಿದರೆ 75. ಅದರ ಹತ್ತನೇ ಒಂದು ಭಾಗ ಏಳೂವರೆ. ನಾನು ಕಂಡ 67 ತಪ್ಪಾಗಿರಲಿಲ್ಲ, ಅದು ಬಿಸಿ ಟಯರಿನ ಸರಿಯಾದ ಒತ್ತಡವೇ ಆಗಿತ್ತು. ನಾನು ಗಾಳಿ ಬಿಟ್ಟಿದ್ದರಿಂದ ತಣ್ಣಗಾದ ಮೇಲೆ ಅಲ್ಲಿ ಉಳಿದದ್ದು ಸುಮಾರು 53. ಇದೇ ನಿಯಮಕ್ಕೆ ಪರೀಕ್ಷೆಯಲ್ಲಿ ನಾನು ಪೂರ್ತಿ ಅಂಕ ಪಡೆದಿದ್ದೆ!

ಬೆಳಿಗ್ಗೆ ಉಪ್ಪನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಳಿ ಬಿಟ್ಟದ್ದು ನೀನು, ಲೋಡ್ ಜಾಸ್ತಿ ಹಾಕಿದ್ದು ನಾನು. ಇಬ್ಬರೂ ಕಲಿಯುವ" ಎಂದರು.

ಈಗ ಸುಬ್‌ಹಿ ನಮಾಝ್ ಮುಗಿಸಿ ಬಂದು, ಗಾಡಿ ಹೊರಡುವ ಮೊದಲು, ಟಯರ್ ತಣ್ಣಗಿರುವಾಗ ಗಾಳಿ ನೋಡುತ್ತೇನೆ. 26 ಮೂಟೆಗಿಂತ ಹೆಚ್ಚು ಉಪ್ಪ ಹಾಕುವುದಿಲ್ಲ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಗಾಡಿ ಇದ್ದರೆ ಬಾಗಿಲ ಬಳಿಯ ಚೀಟಿ ಓದಿ. ಟಯರಿನ ಮೇಲೆ ಅಚ್ಚಾಗಿರುವ ಅಂಕಿ ಆ ಟಯರಿನ ಗರಿಷ್ಠ ಮಿತಿ ಮಾತ್ರ, ಗಾಡಿಗೆ ತುಂಬಬೇಕಾದ ಗಾಳಿಯ ಲೆಕ್ಕವಲ್ಲ. ಬಿಸಿ ಟಯರಿನಿಂದ ಮಾತ್ರ ಎಂದೂ ಗಾಳಿ ಬಿಡಬೇಡಿ.