ಅಜ್ಜಿಯ ಗೇಣಿ

ಅಪ್ಸರಕೊಂಡವೆಂದರೆ ಈಗಿನ ಪ್ರವಾಸಿಗರಿಗೆ ಒಂದು ಸಣ್ಣ ಜಲಪಾತ, ಅದರ ಬುಡದ ಕೊಂಡ, ಪಾಂಡವರ ಹೆಸರು ಹೊತ್ತ ಗುಹೆಗಳು, ಗುಡ್ಡದ ನೆತ್ತಿಯಿಂದ ಕಾಣುವ ಕಡಲು. ಅಪ್ಸರೆಯರು ಮೀಯಲು ಇಳಿದು ಬರುತ್ತಿದ್ದರೆಂಬ ಕಥೆಯನ್ನೂ ಕೇಳಿಕೊಂಡು ಹೋಗುತ್ತಾರೆ. ನನ್ನ ಪಾಲಿಗೆ ಆ ಊರೆಂದರೆ ಅಜ್ಜಿ. ಚಿಕ್ಕಂದಿನಲ್ಲಿ ನಾವು ಅಪ್ಸರೆಯರ ಸುದ್ದಿ ತೆಗೆದರೆ ಅವಳು, "ಅವ್ರಿಗೆಂತ ಮಗಾ, ಮಿಂದು ಹೋದ್ರು. ನಟ್ಟಿ ಮಾಡೂಕೆ ಒಬ್ಬಳಾದ್ರೂ ನಿಂತ್ಳಾ?" ಎನ್ನುತ್ತಿದ್ದಳು.

ಅವಳು ತೀರಿಕೊಂಡದ್ದು 2001ರ ಆಷಾಢದಲ್ಲಿ. ವಯಸ್ಸೆಷ್ಟೆಂದು ಬರೆಸುವಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಂಡೆವು. ದೊಡ್ಡ ಜ್ವರದ ವರ್ಷ ತನಗೆ ಮದುವೆಯಾಗಿತ್ತು, ಆದರೆ ಗಂಡನ ಮನೆಗೆ ಬಂದಿರಲಿಲ್ಲ ಎಂದು ಅವಳು ಹೇಳುತ್ತಿದ್ದುದುಂಟು. ಆ ಜ್ವರ 1918ರಲ್ಲಿ ಲೋಕವನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ಇರಬೇಕು. ಆ ಲೆಕ್ಕದಿಂದ ತೊಂಬತ್ತಮೂರೆಂದು ಬರೆಸಿದೆವು. ಅಜ್ಜಿಗೆ ಇಸವಿಗಳು ತಿಳಿದಿರಲಿಲ್ಲ, ವರ್ಷಗಳು ತಿಳಿದಿದ್ದವು. ಅಕ್ಕಿಗೆ ಕಂಟ್ರೋಲು ಬಂದ ವರ್ಷ, ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ (1956), ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟೆ ಕಟ್ಟಿದ ವರ್ಷ (1964), ಕೊನೆಗೆ ಕೊಂಕಣ ರೈಲು ಕೂಗಿದ ವರ್ಷ. ಒಂದೊಂದರ ಜೊತೆಗೂ ಒಂದು ಬೆಳೆಯ ಲೆಕ್ಕ ಅಂಟಿಕೊಂಡಿರುತ್ತಿತ್ತು.

ಕಂಟ್ರೋಲಿನ ಕಾಲದಲ್ಲೇ ಅಜ್ಜ ಹೋದದ್ದು. ಮೂವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಕಿರಿಯ ಅತ್ತೆಗೆ ಆಗಿನ್ನೂ ಹಾಲು ಬಿಟ್ಟಿರಲಿಲ್ಲ. ಗದ್ದೆ ನಮ್ಮದಲ್ಲ, ಗೇಣಿಯದು. ಗಂಡಸು ದಿಕ್ಕಿಲ್ಲದ ಮನೆ, ಗದ್ದೆ ಬಿಟ್ಟುಕೊಡು ಎಂದು ಹೇಳಿ ಕಳಿಸಿದರಂತೆ. ಅಜ್ಜಿ ಬಿಡಲಿಲ್ಲ. ಆ ವರ್ಷದ ಗೇಣಿ ಭತ್ತವನ್ನು ಯಾರಿಗಿಂತಲೂ ಮೊದಲು ಒಯ್ದು ಒಡೆಯರ ಅಂಗಳದಲ್ಲಿ ಅಳೆದು ಬಂದಳು. ರಶೀದಿ ಕೊಡುವ ಪದ್ಧತಿ ಇರಲಿಲ್ಲ. ಮನೆಗೆ ಬಂದು ಅಡುಗೆಮನೆಯ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದಳು. ಹಬ್ಬಕ್ಕೆ ಗೋಡೆ ಸಾರಿಸಿದರೂ ಆ ಮೂಲೆಯನ್ನು ಯಾರೂ ಮುಟ್ಟುವಂತಿರಲಿಲ್ಲ.

ದಿನಕರ ದೇಸಾಯಿಯವರನ್ನು ಇಂದಿನ ಓದುಗರು ಚುಟುಕಗಳಿಂದ ಬಲ್ಲರು. ನಮ್ಮ ಜಿಲ್ಲೆಯ ಗೇಣಿದಾರರು ಅವರನ್ನು ಬಲ್ಲುದು ರೈತಕೂಟದಿಂದ. ಆ ಸಂಘಟನೆಗಾಗಿ ಅಂದಿನ ಮುಂಬಯಿ ಸರಕಾರ ಅವರನ್ನು 1940ರಲ್ಲಿ ಜಿಲ್ಲೆಯಿಂದ ಗಡೀಪಾರು ಮಾಡಿತ್ತು. 'ಉಳುವವನೇ ಹೊಲದೊಡೆಯ' ಎಂಬ ಮಾತು ನಮ್ಮ ಅಂಗಳಕ್ಕೆ ನಿಜವಾಗಿ ಇಳಿದದ್ದು ಬಹಳ ತಡವಾಗಿ, ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು; ಉಳುತ್ತಿದ್ದವರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಹಕ್ಕು ಪಡೆಯಬೇಕಾಗಿತ್ತು. ಡಿಕ್ಲರೇಶನ್ ಕೊಡುವುದು ಎಂದು ನಮ್ಮ ಕಡೆ ಅದಕ್ಕೆ ಹೆಸರು.

ನಮ್ಮ ಮನೆಯ ಅರ್ಜಿ ದೊಡ್ಡಪ್ಪನ ಹೆಸರಿನಲ್ಲಿ ಹೋಯಿತು. ವಿಧವೆ ಅರ್ಜಿ ಕೊಡಬಾರದೆಂದು ಕಾನೂನಿನಲ್ಲಿ ಎಲ್ಲಿಯೂ ಇರಲಿಲ್ಲ. ಆದರೆ ಮನೆಯ ಯಜಮಾನನೆಂದರೆ ಹಿರಿಯ ಮಗನಲ್ಲವೆ ಎಂದು ಎಲ್ಲರೂ ಅಂದರು. ಅಜ್ಜಿಯನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ವಿಚಾರಣೆಯ ದಿನ ಹೊಳೆ ದಾಟಿ ಹೊನ್ನಾವರಕ್ಕೆ ಹೋಗುವಾಗ ಮಾತ್ರ ಅವಳಿಲ್ಲದೆ ನಡೆಯುವಂತಿರಲಿಲ್ಲ. ಗೇಣಿಯ ಲೆಕ್ಕ ಇದ್ದದ್ದು ಅವಳ ಬಾಯಲ್ಲಿ. ಆಗ ಕಾಲೇಜು ಓದುತ್ತಿದ್ದ ನಾನೂ ಜೊತೆಗಿದ್ದೆ. ಕೊಟ್ಟದ್ದಕ್ಕೆ ಪುರಾವೆ ಏನಿದೆ ಎಂದು ಎದುರು ಕಡೆಯವರು ಕೇಳಿದರು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಶುರುಮಾಡಿದಳು: ಕಂಟ್ರೋಲಿನ ವರ್ಷ ಇಷ್ಟು, ಮರುವರ್ಷ ಉಪ್ಪುನೀರು ನುಗ್ಗಿ ಬೆಳೆ ಹೋದಾಗ ಇಷ್ಟು ಬಾಕಿ, ಆ ಬಾಕಿ ತೀರಿಸಿದ್ದು ಇಂಥ ಸುಗ್ಗಿಯಲ್ಲಿ, ಅಳೆದವನು ಇಂಥವನು, ಅವನಿಗೆ ಆಗ ಕೈಮುರಿದು ಪಟ್ಟಿ ಕಟ್ಟಿತ್ತು. ಮೂವತ್ತು ವರ್ಷಗಳ ಲೆಕ್ಕವನ್ನು ಎಲ್ಲಿಯೂ ತಡೆಯದೆ ಒಪ್ಪಿಸಿ, "ನಂಬಿಕೆ ಇಲ್ಲದಿದ್ರೆ ಗೋಡೆ ನೋಡೂಕೆ ಬನ್ನಿ" ಎಂದಳು. ಅರ್ಜಿ ಮಂಜೂರಾಯಿತು. ಪಹಣಿಯಲ್ಲಿ ದೊಡ್ಡಪ್ಪನ ಹೆಸರು ಬಂತು.

ಈ ಕಥೆಯನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಹೇಳುವವರು ಸಾಮಾನ್ಯವಾಗಿ ಗಂಡಸರು. ಕಥೆ ಗೋಡೆಯ ಮಾತಿಗೆ ಬಂದು ನಗುವಿನಲ್ಲಿ ಮುಗಿಯುತ್ತದೆ. ಅನಂತರ ನಡೆದದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1986ರಲ್ಲಿ ಮೂವರು ಅಣ್ಣತಮ್ಮಂದಿರು ಹಿಸ್ಸೆಯಾದರು. ಗದ್ದೆ ಮೂರು ಪಾಲಾಯಿತು. ಅಜ್ಜಿ ಜಗುಲಿಯ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳುತ್ತಿದ್ದಳು. ಪಂಚರು ಎದ್ದು ಹೊರಡುವಾಗ, "ನನ್ನ ಗೇಣಿ ಮಾತಾಡ್ಲೇ ಇಲ್ಲ" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಪ್ರತಿ ವರ್ಷ ಬೆಳೆ ಬಂದ ಮೇಲೆ ಒಬ್ಬೊಬ್ಬ ಮಗ ಒಂದೊಂದು ಮುಡೆ ಅಕ್ಕಿ ತರಬೇಕು, ಮೂರು ಮುಡೆ ಮೂವರು ಹೆಣ್ಣುಮಕ್ಕಳ ಮನೆಗೆ ಹೋಗಬೇಕು ಎಂದು ಹೇಳಿದಳು. ನಟ್ಟಿಗೆ ಬಗ್ಗಿದ ಬೆನ್ನು ಅವರದ್ದೂ ಹೌದು ಎಂಬುದೊಂದೇ ಅವಳು ಕೊಟ್ಟ ಕಾರಣ. ಗೇಣಿ ಪದ್ಧತಿ ಹೋಗಿ ಹನ್ನೆರಡು ವರ್ಷವಾಯ್ತಲ್ಲ ಅವ್ವಿ ಎಂದು ಚಿಕ್ಕಪ್ಪ ಚೇಷ್ಟೆ ಮಾಡಿದ. "ನಿಮ್ಗೆ ಹೋಯ್ತು" ಎಂದಳು.

ಬದುಕಿದ್ದಷ್ಟು ವರ್ಷ ಒಂದು ಮುಡೆಯೂ ತಪ್ಪಲಿಲ್ಲ. ಹುಲ್ಲು ಸುತ್ತಿ ಹಗ್ಗ ಬಿಗಿದ ಮುಡೆಗಳನ್ನು ತಾನೇ ಬಡಿದು ನೋಡಿ ಗಾಡಿಗೆ ಹಾಕಿಸುತ್ತಿದ್ದಳು. ಸಡಿಲವಾಗಿದ್ದರೆ ಬಿಚ್ಚಿಸುತ್ತಿದ್ದಳು. ಸೊಸೆಯರೊಡನೆ ಅವಳಿಗೆ ಜಗಳವಾಗುತ್ತಿದ್ದುದು ಹೆಚ್ಚಾಗಿ ಈ ವಿಷಯದಲ್ಲೇ. ಅವಳು ಎಲ್ಲ ಕಾಲಕ್ಕೂ ಸಿಹಿಯಾದ ಮುದುಕಿಯಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು; ಮಾತಿನಲ್ಲಿ ಮುರುಗಲ ಹುಳಿ ಇತ್ತು.

ಅವಳು ಹೋದ ಮರುವರ್ಷ ಮುಡೆ ನಿಂತಿತು. ಯಾರೂ ನಿಲ್ಲಿಸಬೇಕೆಂದು ನಿಲ್ಲಿಸಿದ್ದಲ್ಲ; ಕೇಳುವವರಿರಲಿಲ್ಲ. 2005ರ ಸಪ್ಟಂಬರದಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕೆಂದಾಯಿತು. ಆ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಿರಿಯ ಅತ್ತೆ ಹೇಳದೆ ಕೇಳದೆ ತವರಿಗೆ ಬಂದಳು. ಮನೆಯಲ್ಲಿ ಒಂದು ಬಗೆಯ ಗಾಬರಿ. ಪೇಪರು ಓದುವ ಹುಡುಗರು ಒಳಗೆ ಪಿಸುಗುಟ್ಟಿಕೊಂಡರು. ಚಹಕ್ಕೆ ಎಂದಿಗಿಂತ ಹೆಚ್ಚು ಹಾಲು ಬಿತ್ತು. ಅತ್ತೆ ಚಹ ಕುಡಿದು ಬಟ್ಟಲು ಕೆಳಗಿಟ್ಟು, "ಅವ್ವಿ ಮುಡೆ ಬರಲಿಲ್ಲ, ನಾಲ್ಕು ವರ್ಷ ಆಯ್ತು" ಎಂದಳು. ಅಷ್ಟೇ ಕೇಳಿದಳು.

ಆ ವರ್ಷದಿಂದ ನಮ್ಮ ಪಾಲಿನ ಗದ್ದೆಯಿಂದ ಹೋಗುತ್ತಿದೆ. ಉಳಿದ ಎರಡು ಪಾಲು ಈಗ ಹಡಿಲು ಬಿದ್ದಿದೆ. ಮುಡೆ ಕಟ್ಟಬಲ್ಲವರು ಕೇರಿಯಲ್ಲಿ ಯಾರೂ ಉಳಿದಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಹೊಲಿದು ರಿಕ್ಷಾದಲ್ಲಿ ಕಳಿಸುತ್ತೇವೆ. ಅತ್ತೆಗೆ ಎಂಬತ್ತು ದಾಟಿದೆ. ಅದನ್ನು ಮುಡೆಯೆಂದೇ ಕರೆಯುತ್ತಾಳೆ, ಬಡಿದು ನೋಡಿಯೇ ಒಳಗಿಡಿಸಿಕೊಳ್ಳುತ್ತಾಳೆ.