ಮೂಲಪುರುಷನನ್ನು ಹುಡುಕುತ್ತಾ ಡಗ್ಲಸ್‌ವರೆಗೆ

ಎಡಿನ್‌ಬರೊದಲ್ಲಿರುವ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ನೋಡುವವರು ಪೆನ್ನು ಒಳಗೆ ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ನಾನು ಕೇಳಿದ್ದ ಪುಸ್ತಕವನ್ನು ಮೆತ್ತನೆಯ ಸ್ಪಂಜಿನ ಮೇಲೆ ಒರಗಿಸಿಟ್ಟರು: ಸ್ಕಾಟ್ಲೆಂಡಿನ ಕುಲೀನ ಡಗ್ಲಸ್ ಮನೆತನದ ಬಗ್ಗೆ ಡೇವಿಡ್ ಹ್ಯೂಮ್ ಬರೆದ ಚರಿತ್ರೆ. ಲೇಖಕ ತೀರಿಕೊಂಡ ಮೇಲೆ, 1644ರಲ್ಲಿ, ಇದೇ ಊರಿನಲ್ಲಿ ಅಚ್ಚಾದದ್ದು. ಅದರ ಪ್ರಕಾರ ವಂಶದ ಮೂಲಪುರುಷ ಶೋಲ್ಟೊ. 8ನೇ ಶತಮಾನದಲ್ಲಿ ಸೋಲಲಿದ್ದ ಯುದ್ಧವನ್ನು ರಾಜನಿಗೆ ಗೆದ್ದುಕೊಟ್ಟ ವೀರ. ಓದಲು ಬಲು ಸೊಗಸು.

ಆಮೇಲೆ ತರಿಸಿಕೊಂಡದ್ದು ಜೇಮ್ಸ್ ಬಾಲ್ಫರ್ ಪಾಲ್ 1904ರಿಂದ 1914ರವರೆಗೆ ಸಂಪಾದಿಸಿದ 9 ಸಂಪುಟಗಳ ‘ಸ್ಕಾಟ್ಸ್ ಪೀರೇಜ್’, ಸ್ಕಾಟ್ಲೆಂಡಿನ ಕುಲೀನ ಮನೆತನಗಳ ವಂಶಾವಳಿ. ಮೂರನೆಯ ಸಂಪುಟದಲ್ಲಿ ಡಗ್ಲಸ್ ವಂಶಾವಳಿಯ ತಲೆಯಲ್ಲಿ ಶೋಲ್ಟೊ ಇಲ್ಲ, 12ನೇ ಶತಮಾನದ ಕೊನೆಯ ವಿಲಿಯಂ ಇದ್ದಾನೆ. ಸಾಹಸವೇನಿಲ್ಲ, ಕೆಲ್ಸೊ ಮಠಕ್ಕೆ ಕೊಟ್ಟ ಪತ್ರವೊಂದಕ್ಕೆ ಸಾಕ್ಷಿ ನಿಂತಿದ್ದ, ಅಷ್ಟೆ. ವಂಶ ಹುಡುಕುವವರಿಗೆ ನೆರವಾಗುವ ಚರ್ಚ್ ರಿಜಿಸ್ಟರ್‌ಗಳಲ್ಲಿ ಈ ದೇಶದಲ್ಲಿ ಉಳಿದಿರುವ ಅತಿ ಹಳೆಯದು 1553ರದು, ಎರಲ್ ಎಂಬ ಊರಿನದು. ಅದಕ್ಕೂ ಹಿಂದಕ್ಕೆ ಹೋಗುವವರಿಗೆ ಜಮೀನಿನ ಕಾಗದವೇ ಗತಿ: ಯಾರು ಯಾರಿಗೆ ಕೊಟ್ಟರು, ಸಾಕ್ಷಿ ಯಾರು, ಅವನು ಯಾರ ಮಗ.

ಮರುದಿನ ಬಸ್ಸು ಹಿಡಿದು, ಲ್ಯಾನಾರ್ಕ್ ದಾಟಿ ಡಗ್ಲಸ್ ಎಂಬ ಊರಿಗೇ ಹೋದೆ. ಮನೆತನದ ಕೋಟೆಯಲ್ಲಿ ಉಳಿದಿರುವುದು ಒಂದು ಗೋಪುರ. ಅಡಿಯಲ್ಲಿ ಕಲ್ಲಿದ್ದಲು ತೆಗೆದು ನೆಲ ಕುಸಿಯತೊಡಗಿದಾಗ ಉಳಿದ ಕಟ್ಟಡವನ್ನು ಕೆಡವಿಬಿಟ್ಟರು. ಸೇಂಟ್ ಬ್ರೈಡ್ಸ್ ಚರ್ಚಿನೊಳಗೆ, 1443ರಲ್ಲಿ ತೀರಿಕೊಂಡ ಡಗ್ಲಸ್‌ನ ಏಳನೆಯ ಅರ್ಲ್ ಜೇಮ್ಸ್ ಮತ್ತು ಹೆಂಡತಿ ಬಿಯಾಟ್ರಿಸ್ ಕಲ್ಲಾಗಿ ಮಲಗಿದ್ದಾರೆ. ಗೋರಿಯ ಪಕ್ಕಕ್ಕೆ ಮಕ್ಕಳ ಪುಟ್ಟ ವಿಗ್ರಹಗಳ ಸಾಲು. ಮೂಗು ಬಾಯಿ ಸವೆದು ಯಾರು ಯಾರೆಂದು ತಿಳಿಯುವುದಿಲ್ಲ. ಪೀರೇಜಿನಿಂದ ಗೀಚಿಕೊಂಡಿದ್ದ ಹಾಳೆ ಬಿಡಿಸಿ ಓದುತ್ತಾ ಹೋದೆ. ಹಿರಿಯ ಮಗ ವಿಲಿಯಂನನ್ನು 1452ರಲ್ಲಿ ಸ್ಟರ್ಲಿಂಗ್ ಕೋಟೆಯಲ್ಲಿ ರಾಜ ಎರಡನೇ ಜೇಮ್ಸ್ ಸ್ವಂತ ಕೈಯಿಂದ ಇರಿದ. ಇನ್ನೊಬ್ಬ ಮಗ ಆರ್ಚಿಬಾಲ್ಡ್, ರಾಜನ ಕಡೆಯವರ ವಿರುದ್ಧ ನಡೆದ 1455ರ ಆರ್ಕಿನ್‌ಹೋಮ್ ಕಾಳಗದಲ್ಲಿ ಸತ್ತ. ಅಲ್ಲಿ ಸೆರೆಸಿಕ್ಕ ಮತ್ತೊಬ್ಬ ಮಗ ಹ್ಯೂನ ತಲೆ ಹಾರಿತು. ಅದೇ ವರ್ಷ ಮನೆತನದ ಆಸ್ತಿ ಮುಟ್ಟುಗೋಲಾಯಿತು.

ಆ ಜಗಳದಲ್ಲಿ ರಾಜನ ಕಡೆ ನಿಂತವರೆಲ್ಲ ಹೊರಗಿನವರಲ್ಲ. ಡಗ್ಲಸ್‌ನ ಮೊದಲ ಅರ್ಲನ ವಿವಾಹೇತರ ಮಗನಿಂದ ಬೆಳೆದ ಆ್ಯಂಗಸ್ ಕವಲಿನ ಡಗ್ಲಸ್‌ಗಳೂ ಇದ್ದರು. ಈ ಊರಿನ ಜಮೀನೂ ಆಮೇಲೆ ಅವರ ಪಾಲಾಯಿತು. ಹ್ಯೂಮ್ ಆ್ಯಂಗಸ್‌ನ ಎಂಟನೆಯ ಅರ್ಲನ ಕಾರ್ಯದರ್ಶಿಯಾಗಿದ್ದವನು ಎಂಬುದು ನೆನಪಾದದ್ದು ಆಗ. ದಾಯಾದಿಗಳ ಆಸ್ತಿ ಸೇರಿದವರ ಬಳಿ ಕಾಗದಕ್ಕೆ ಕೊರತೆ ಇರಲಿಲ್ಲ. ಆದರೆ ಗತ್ತಿಗೆ ಒಬ್ಬ ಶೋಲ್ಟೊ ಬೇಕಿತ್ತು. ಹಳೆಯ ವಂಶಾವಳಿ ಕೈಗೆ ಸಿಕ್ಕರೆ ಮೊದಲು ವಿಚಾರಿಸಬೇಕಾದದ್ದು ಅದನ್ನು ಬರೆದವನು ಯಾರ ಮನೆಯ ಅನ್ನ ಉಂಡವನು ಎಂದು. ಮೂಲಪುರುಷನ ಮಾತು ಆಮೇಲೆ.